ಗೋಣಿಮರದ ಅಳತೆ

ಟೇಪನ್ನು ಇಲಿ ಕಡಿದದ್ದು ಬೇಸಿಗೆ ರಜೆಯಲ್ಲಿ,
ಮೂವತ್ತೇಳನೇ ಸೆಂಟಿಮೀಟರಿನ ಹತ್ತಿರ.
ಹೊಸದಕ್ಕೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ,
ಅಳತೆಯ ಪಾಠ ಬಂತು.
ಹಾಗಾಗಿ ಜೂನಿನ ಒಂದು ಬೆಳಿಗ್ಗೆ ಇಪ್ಪತ್ಮೂರು ಮಕ್ಕಳನ್ನು
ಕೆರೆ ಏರಿಯ ಗೋಣಿಮರಕ್ಕೆ ನಡೆಸಿಕೊಂಡು ಹೋದೆ.

"ಬೆರಳು, ಗೇಣು, ಮೊಳ, ಮಾರು.
ನಿಮ್ಮ ಮೈಯಲ್ಲೇ ಇದೆ ಟೇಪು" ಎಂದೆ.
ತಿಪ್ಪೇಶ ಅಂಗಿ ಎತ್ತಿ ಹುಡುಕಿಕೊಂಡ.
ನಾವು ನಕ್ಕಿದ್ದಕ್ಕೆ ಮೇಲಿನಿಂದ ಗಿಳಿಗಳು ಬೈದವು.

ಕೆನ್ನೆ ತೊಗಟೆಗೆ ಒತ್ತಿ, ಕೈ ಚಾಚಿ,
ಬೆರಳ ತುದಿಗೆ ಬೆರಳ ತುದಿ ತಾಗಿಸಿ ನಿಂತರು
ತಿಪ್ಪೇಶ, ನಸೀಬಾ, ಓಂಕಾರಿ, ಕೆಂಚ, ಲಚ್ಚಿಬಾಯಿ.
ಇರುವೆಯೊಂದು ಕೆಂಚನ ಕಿವಿಯ ಮೇಲೆ ಹಾದುಹೋಯಿತು,
ಅವನು ಕೈ ಬಿಡಲಿಲ್ಲ.
ಲಚ್ಚಿಯ ಎಡಗೈಗೂ ತಿಪ್ಪೇಶನ ಬಲಗೈಗೂ ನಡುವೆ
ಒಂದು ಗೇಣು ಸಾಲದಾಯಿತು.
ಐದು ಮಾರು, ಒಂದು ಗೇಣು.
ಶಾಲೆಯ ಗೋಡೆಗೆ ಇದ್ದಿಲಲ್ಲಿ ಬರೆದೆವು, ತಾರೀಕು ಹಾಕಿ.

ಕಾರ್ತಿಕ ಕಳೆದು ತಾಂಡಾಕ್ಕೆ ಲಾರಿ ಬಂತು.
ಮೇಲೆ ಕಾಫಿ ಕೆಂಪಾಗಿದೆಯಂತೆ.
ಪಾತ್ರೆ, ಕಂಬಳಿ, ಎರಡು ಕೋಳಿಗಳ ಜೊತೆ
ಲಚ್ಚಿಯೂ ಹತ್ತಿದಳು.
ನಾನು ದಿನಾ ಕೆಂಪು ಶಾಯಿಯಲ್ಲಿ "ಗೈ" ಎಂದು ಬರೆದೆ.
ಏರಿಯ ಮೇಲೆ ನಿಂತರೆ, ಸಖರಾಯಪಟ್ಟಣದಾಚೆ
ನೀಲಿ ಗಿರಿಗಳ ಸಾಲು. ಅದರ ಮಗ್ಗುಲಲ್ಲೆಲ್ಲೋ
ನಮ್ಮ ಐದನೇ ಮಾರು.

ನಡುವೆ ಸಾಹೇಬರು ಬಂದರು, ಕಡೂರಿನಿಂದ, ಬೈಕಿನಲ್ಲಿ.
ಹೊರಾಂಗಣ ಚಟುವಟಿಕೆ ತೋರಿಸಬೇಕಿತ್ತು.
ಖಾಲಿ ಇದ್ದಲ್ಲಿ ಬೇರೊಬ್ಬಳನ್ನು ನಿಲ್ಲಿಸಹೋದೆ.
"ಬ್ಯಾಡ ಮಿಸ್, ಅದು ಲಚ್ಚಿ ಜಾಗ" ಎಂದಳು ಓಂಕಾರಿ.
ಸಾಹೇಬರ ಫೋಟೊದಲ್ಲಿ ಅಲ್ಲಿ ಬರೀ ತೊಗಟೆ.

ಮಾರ್ಚಿಗೆ ಬಂದಳು. ಅಂಗೈ ಕಪ್ಪು,
ಸೋಪಿಗೆ ಬಗ್ಗದ ಕಾಫಿಹಣ್ಣಿನ ಅಂಟು.
ಬ್ಯಾಗು ಇಳಿಸುವ ಮೊದಲೇ ಮರಕ್ಕೆ ಎಳೆದೊಯ್ದರು.
ಅದೇ ಐವರು, ಅದೇ ಸಾಲು.
ಗೇಣು ಮಾಯ. ಬೆರಳ ಮೇಲೆ ಬೆರಳು ಹತ್ತಿ
ನಾಲ್ಕು ಬೆರಳು ಹೆಚ್ಚಿಗೆ!

"ಮಿಸ್, ಮರ ಬಡವಾಗೈತೆ!"
"ಕೆರೆ ಬತ್ತೈತಲ್ಲ, ಅದ್ಕೆ" ಎಂದು ಕೆಂಚನ ತೀರ್ಪು.
ಬಿರುಕು ಬಿಟ್ಟ ಕೆರೆಯಂಗಳವನ್ನು ಎಲ್ಲರೂ ನೋಡಿದರು,
ನಾನೂ ನೋಡಿದೆ, ಅರ್ಧ ಗಳಿಗೆ ನಂಬಿಯೂ ಬಿಟ್ಟೆ.
ಮೇಷ್ಟ್ರುಗಳ ನಾಲಿಗೆ, ಉತ್ತರಕ್ಕೆ ತುರಿಸುವಂಥದ್ದು;
ಕಚ್ಚಿ ಹಿಡಿದೆ.

ಲಚ್ಚಿ ಕೈ ಬಿಡಿಸಿಕೊಂಡು ಮೆಲ್ಲಗೆ ಅಂದಳು:
"ಎಸ್ಟೇಟ್ನಾಗೆ ತಕ್ಕಡಿ ದಿನಕ್ಕೊಂದು ಥರ ತೂಗ್ತಿತ್ತು.
ನಮ್ ಯಾಡಿ ಹಳ್ಳದ ಕಲ್ಲೊಂದು ಮಡಿಕ್ಕಂಡಿದ್ಲು.
ಮೊದ್ಲು ಇದನ್ ತೂಗು ಅಂತಿದ್ಲು ರೈಟ್ರಿಗೆ,
ಆಮ್ಯಾಲೆ ಹಣ್ಣು.
ಕಲ್ಲು ಬೆಳೆಯಲ್ಲ, ಸೊರಗಲ್ಲ.
ನಾವ್ ಬೆಳೀತೀವಿ."

ಸ್ವಲ್ಪ ಹೊತ್ತು ಗಿಳಿಗಳೂ ಸುಮ್ಮನಿದ್ದವು.
ಓಂಕಾರಿ ತನ್ನ ತೋಳನ್ನು ಯಾರದೋ ಎಂಬಂತೆ ನೋಡಿಕೊಂಡಳು.
ನಸೀಬಾ ಹಾಳುಬಾವಿಯ ಹಳೇ ಹಗ್ಗಕ್ಕೆ ಓಡಿದಳು.
ಸುತ್ತಿ, ಬಿಗಿದು, ಎರಡು ಗಂಟು ಹಾಕಿದೆವು.

ಈಗದು ಕರಿಹಲಗೆಯ ಪಕ್ಕದ ಮೊಳೆಯಲ್ಲಿದೆ,
ಈ ಗಂಟಿನಿಂದ ಆ ಗಂಟಿಗೆ ಒಂದು ಗೋಣಿಮರ.
"ನೆಂದ್ರೆ ಹಗ್ಗಾನೂ ಕುಗ್ತೈತೆ ಮಿಸ್"
ಎಂದು ನಿನ್ನೆ ಕೆಂಚ ತೆಗೆದ ತಕರಾರು
ಇನ್ನೂ ಬಗೆಹರಿದಿಲ್ಲ.
ಮಳೆ ಬರಲಿ, ನೋಡೋಣ ಎಂದಿದ್ದೇನೆ.