ತಪ್ಪಿನ ಪುಸ್ತಕ

ಲಾಂದಿವಿಸಿಯೋದಲ್ಲಿ ಸಮುದ್ರವಿಲ್ಲ.
ಆರ್ಟಿಚೋಕ್ ಹೊಲಗಳ ನಡುವೆ, ಡಾಂಬರಿನ ಮೇಲೆ
ಬಿಳಿ ಬಣ್ಣದಲ್ಲಿ ಹಡಗಿನ ಡೆಕ್ ಬರೆದಿದ್ದೇವೆ,
ಅಷ್ಟೇ ಅಗಲ, ಅಷ್ಟೇ ಗಿಡ್ಡ.
ಅಲೆ ಮಾತ್ರ ಅವರವರ ಹೊಟ್ಟೆಯೊಳಗೆ.

ಇಪ್ಪತ್ತಾರು ವರ್ಷ ಆ ಬಣ್ಣದ ಹಡಗಿನ ಅಂಚಿಗೆ ನಿಂತು
ಇಳಿಯುವವರನ್ನು ನೋಡಿ ನೋಡಿ ಬರೆದೆ,
ಸೀಸದ ಕಡ್ಡಿಯಲ್ಲಿ. ಇಲ್ಲಿನ ಜಡಿಗೆ ಶಾಯಿ ನಿಲ್ಲದು.

'ಗೂಲ್ವೆನ್. ಎಡಕ್ಕೆ ಎರಡು ಮೀಟರ್. ಅವಸರ.'
'ರೊನಾನ್. ತೀರಾ ಮೇಲೆ. ಹೆದರಿಲ್ಲ ಎಂದ. ಹೆದರಿದ್ದ.'
'ಗೂಲ್ವೆನ್. ಮತ್ತೆ ಎಡಕ್ಕೆ. ಮಗಳು ಹುಟ್ಟಿ ಮೂರು ದಿನ, ನಿದ್ದೆಗೇಡಿ.'

ಈಗ ಬರುವುದರೊಳಗೆ ಯಾರೂ ಇಲ್ಲ.
ಮೂಗಿದೆ, ಕಿಟಕಿಯಿಲ್ಲ.
ಬಂತು, ತಾಗಿತು, ಎದ್ದು ಹೋಯಿತು.
ಎರಡನೆಯ ಸಲವೂ ಅಲ್ಲೇ. ಮೂವತ್ತನೆಯ ಸಲವೂ
ಅಂಗೈಯಗಲ ಆಚೀಚೆ ಇಲ್ಲ.
ಬರೆಯಲು ಏನೂ ಸಿಗದೆ
ಪುಟದ ಮೂಲೆಯಲ್ಲೊಂದು ಹಸು ಬಿಡಿಸಿದೆ.

ಸೋತದ್ದು ಡಾಂಬರು.
ಒಂದೇ ಜಾಗಕ್ಕೆ ಬಿದ್ದೂ ಬಿದ್ದೂ
ಒರಳಿನ ಹಾಗೆ ಕುಳಿ.
ನೀರಿನ ಮೇಲಿರುವ ನಿಜವಾದ ಹಡಗಿನಲ್ಲಿ
ಉಕ್ಕೂ ಹೀಗೇ ಸವೆದೀತು ಎಂದರು.

ಸೊಲೆನ್ ಬಂದಳು, ತೊಡೆಯ ಮೇಲೆ ಕಂಪ್ಯೂಟರು.
'ಇದಕ್ಕೆ ತುಸು ತಪ್ಪುವುದನ್ನು ಕಲಿಸಬೇಕು.
ಮನುಷ್ಯರು ಹೇಗೆ ತಪ್ಪುತ್ತಿದ್ದರು,
ಲೆಕ್ಕವೇನಾದರೂ ಇದೆಯೆ ನಿಮ್ಮಲ್ಲಿ?'

ಹನ್ನೊಂದು ಪುಸ್ತಕ ಕೊಟ್ಟೆ.
ಮೀಟರುಗಳನ್ನಷ್ಟೇ ಎತ್ತಿಕೊಂಡಳು.
ಅವಸರ, ನಿದ್ದೆ, ಮಗಳು, ಆ ಸುಳ್ಳು
ಕಾಗದದಲ್ಲೇ ಉಳಿದವು.
ಜರಡಿಯ ಕಣ್ಣು ಅಷ್ಟೇ ಸಣ್ಣದು; ಅವಳದೇನೂ ತಪ್ಪಿಲ್ಲ.

ನಿನ್ನೆ ಸಂಜೆ ಮಂಜು.
ಒಮ್ಮೆ ಬಲಕ್ಕೆ ಇಳಿಯಿತು, ಒಮ್ಮೆ ತುಸು ಮುಂದಕ್ಕೆ,
ಆಮೇಲೆ ಎಡಕ್ಕೆ. ಎರಡು ಮೀಟರ್.
ಗೊತ್ತು, ಯಂತ್ರ ದಾಳ ಉರುಳಿಸುತ್ತಿದೆ.
ಗೂಲ್ವೆನ್ ಮೊರ್ಲೇಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ,
ದಪ್ಪಗಾಗಿದ್ದಾನೆ, ಅದೂ ಗೊತ್ತು.
ಆದರೂ ನನ್ನ ಹೆಬ್ಬೆರಳು ರೇಡಿಯೋ ಗುಂಡಿ ಒತ್ತಿಬಿಟ್ಟಿತ್ತು:
'ಬಲಕ್ಕೆ, ಮಾರಾಯ, ನಿಧಾನ...'

ಕಿವಿಯಲ್ಲಿ ಬರೀ ಗಾಳಿಯ ಸುಯ್ಯಾಟ.
ಬೇಲಿಯಾಚೆ ಕೆಮೆನೆರ್ ಮುದುಕಿ
ಟ್ರ್ಯಾಕ್ಟರು ನಿಲ್ಲಿಸಿ ಕತ್ತೆತ್ತಿದಳು.
ನಾಲ್ಕು ದಶಕ ನಮ್ಮ ಸದ್ದಿನ ಮೇಲೆ ದೂರು ಬರೆದವಳು,
ಸದ್ದಿನಲ್ಲೇ ಹುಡುಗರ ಗುರುತು ಹಿಡಿಯುತ್ತಿದ್ದವಳು.

'ಯಾರದು ಇವತ್ತು?' ಎಂದು ಕೂಗಿದಳು,
'ಹೊಸಬನೇ?'

ಸೀಸದ ಕಡ್ಡಿ ಕಿವಿಯ ಸಂದಿನಲ್ಲಿತ್ತು.
ತೆಗೆದು, ಹೆಸರಿನ ಜಾಗ ಖಾಲಿ ಬಿಟ್ಟು,
ಬರೆದುಕೊಂಡೆ: ಎಡಕ್ಕೆ ಎರಡು.