ಮೂವತ್ತೊಂದನೆಯ ಮುಚ್ಚಳ

ಮೊದಲು ಫ್ರಿಜ್ಜಿನ ಪ್ಲಗ್ಗು ಕೀಳಬೇಕು.
ಅದು ಆಂಬ್ರೋಸನ ಕೆಲಸ.
ನಮಗಾರಿಗೂ ಕೇಳದ್ದು ಅವನಿಗೆ ಕೇಳುತ್ತಿತ್ತು:
ಗೋಡೆಯೊಳಗಿನ ಇಲಿ, ಕೊಲ್ಲಿಯಾಚೆ ದೋಣಿಯ ಕೆಮ್ಮು,
ಬ್ರೈಡಳ ಅಡುಗೆಮನೆಯ ಮೂಲೆಯಲ್ಲಿ
ಹಗಲಿರುಳು ಗುಂಯ್‌ಗುಡುವ ಆ ಬಿಳಿಯ ಪೆಟ್ಟಿಗೆ.
'ಇದಿದ್ದರೆ ಟೇಪಿನ ತುಂಬ ಜೇನುಗೂಡೇ' ಎಂದು
ಮೊಣಕಾಲೂರಿ, ಕೈ ತೂರಿಸಿ, ಕಿತ್ತು,
ತುಟಿಗೆ ಬೆರಳಿಟ್ಟು ನಮ್ಮತ್ತ ತಿರುಗಿದರೆ
ಅಲ್ಲಿಂದ ಕ್ರಿಸ್‌ಮಸ್ಸು.

ನ್ಯೂಫೌಂಡ್‌ಲ್ಯಾಂಡಿನ ಈ ಅಂಚಿಗೆ
ಆರ್ಗನ್ನು ಬಂದದ್ದೂ ತಡ, ಹೋದದ್ದೂ ಬೇಗ.
ಉಪ್ಪುಗಾಳಿ ಅದರ ತಿದಿ ತಿಂದುಹಾಕಿತು.
ಇದ್ದದ್ದರಲ್ಲೇ ಹಬ್ಬ:
ಲಿಯಾಂಡರನ ಅಕಾರ್ಡಿಯನ್, ಅದರಲ್ಲೆರಡು ಮನೆ ಮೂಕ,
ಅವನ ಕೈಯಲ್ಲೂ ಎರಡು ಬೆರಳು ಬಲೆಯೆಳೆವ ಯಂತ್ರಕ್ಕೆ ಸಂದಾಯ;
ಬ್ರೈಡಳ ಜೋಡಿ ಚಮಚ, ಅವಳದೇ ತೊಡೆ;
ನನ್ನ ಗಂಟಲು, ಅದೂ ಒಂಬತ್ತು ಗಂಟೆಯವರೆಗೆ;
ಮತ್ತೆ ಆಂಬ್ರೋಸನ ಕೋಲು.

ಆ ಕೋಲಿನ ಬಗ್ಗೆ ಹೇಳಬೇಕು.
ನೆಲ ಒರೆಸಿ ಸವೆದ ಹಿಡಿ, ಬುಡಕ್ಕೆ ಅವನಪ್ಪನ ರಬ್ಬರ್ ಬೂಟು,
ತಲೆಗೆ ಬಿಸ್ಕತ್ತಿನ ಡಬ್ಬ, ಡಬ್ಬಕ್ಕೆ ಉಣ್ಣೆಯ ಜುಟ್ಟು,
ಮೈಗೆ ಮೊಳೆ ಹೊಡೆದು ಸಡಿಲ ಬಿಟ್ಟ ಬಿಯರಿನ ಮುಚ್ಚಳ.
ಕುಟ್ಟಿದರೆ ಧಪ್, ಆಮೇಲೆ ಝಲ್.
ಕುರೂಪಿ ಕೋಲು ಎನ್ನುತ್ತಾರೆ ನಮ್ಮ ಕಡೆ,
ಮದುವೆಯಲ್ಲಿ ಮದುಮಗಳಿಗಿಂತ ಮೊದಲು ಕುಣಿಯುವುದೂ ಅದೇ.
ವರ್ಷಕ್ಕೊಂದು ಟೇಪು, ಟೇಪಿಗೊಂದು ಮುಚ್ಚಳ.
ಮೊದಲ ವರ್ಷ ಒಂದೇ ಇತ್ತು;
ಯಾರೋ ಹಲ್ಲು ಕಡಿದಂತೆ ಕೇಳಿತು.

ಕಾಡ್ ಮೀನು ಹಿಡಿಯಕೂಡದೆಂದು ಸರ್ಕಾರ ಸಾರಿದ ವರ್ಷದ್ದು
ಎಲ್ಲಕ್ಕಿಂತ ಉದ್ದದ ಟೇಪು. ಬೇರೆ ಕೆಲಸವಿರಲಿಲ್ಲ.
ಹನ್ನೊಂದನೆಯದರ ನಡುವೆ ಬಾಗಿಲು ಬಡಿದದ್ದು
ಬ್ರೈಡಳ ಗಂಡ ಹೊರಟದ್ದು.
ಚಮಚ ಎರಡು ಪೆಟ್ಟು ತಪ್ಪಿ ಮತ್ತೆ ಸೇರಿಕೊಂಡಿತು.
ಇನ್ನೊಂದು ವರ್ಷ ಪ್ಲಗ್ಗು ತಿರುಗಿ ಹಾಕಲು ಮರೆತು
ಇಡೀ ಟರ್ಕಿ ಕೊಳೆತು, ಹಬ್ಬಕ್ಕೆ ಉಪ್ಪುಮೀನು ತಿಂದೆವು.
ಬ್ರೈಡ್ ಬೈದಳು, ಫೆಬ್ರವರಿಯವರೆಗೆ.

ಈ ಸಲ ಆಂಬ್ರೋಸನ ಕಿವಿಯಲ್ಲಿ ಬಟಾಣಿಯಷ್ಟು ಯಂತ್ರ.
'ಎಲ್ಲ ತಗಡಿನಂತೆ ಕೇಳಿಸುತ್ತೆ' ಎಂದು
ಅದನ್ನೂ ತೆಗೆದು ಕೋಟಿನ ಜೇಬಿಗಿಟ್ಟ.
ಅಡುಗೆಮನೆಯ ನಡುವೆ ತಲೆ ವಾಲಿಸಿ ನಿಂತ,
ಮೂವತ್ತು ವರ್ಷ ನಿಂತ ಹಾಗೆಯೇ.
'ಆಗಲೇ ಕಿತ್ತಿದ್ದೀರಾ? ಒಳ್ಳೇದು.'

ಮೂಲೆಯಲ್ಲಿ ಅದು ಗುಂಯ್‌ಗುಡುತ್ತಲೇ ಇತ್ತು.
ನಾನು ಬ್ರೈಡಳನ್ನು ನೋಡಿದೆ. ಬ್ರೈಡ್ ಚಮಚ ನೋಡಿದಳು.
ಲಿಯಾಂಡರ್ ಏನೂ ಅನ್ನದೆ
ಕುರ್ಚಿಯನ್ನು ಫ್ರಿಜ್ಜಿನ ಪಕ್ಕಕ್ಕೆ ಎಳೆದುಕೊಂಡ;
ಉಳಿದ ಬೆರಳುಗಳಲ್ಲಿ ಒಂದೊಂದೇ ಮನೆ ಒತ್ತಿ
ಆ ಗುಂಯ್ ಎಲ್ಲಿ ಕೂತಿದೆಯೆಂದು ಹುಡುಕಿ
ಅಲ್ಲಿಂದಲೇ ಎತ್ತಿಕೊಂಡ.

ನನಗದು ತೀರಾ ತಗ್ಗಿನ ಶ್ರುತಿ.
ಗೋದಲಿಯ ಕೂಸನ್ನು, ಕುರುಬರನ್ನು, ಆ ಒಂಟಿ ಚುಕ್ಕಿಯನ್ನು
ಹೊಟ್ಟೆಯಾಳದಿಂದ ಮೇಲೆತ್ತಬೇಕಾಯ್ತು,
ಬಾವಿಗೆ ಬಿದ್ದ ಕೊಡ ಎತ್ತುವ ಹಾಗೆ.
ಧಪ್ ಝಲ್, ಧಪ್ ಝಲ್:
ಅವನ ಹಿಮ್ಮಡಿ ನೆಲದಿಂದಲೇ ಕೇಳಿಸಿಕೊಳ್ಳುತ್ತಿತ್ತು.

ಮೂರನೆಯ ಹಾಡಿನಲ್ಲಿ ಫ್ರಿಜ್ಜು, ತನ್ನ ರೂಢಿಯಂತೆ,
ಒಮ್ಮೆ ಮೈ ಅದುರಿಸಿ ಸುಮ್ಮನಾಯ್ತು.
ಹೊದಿಕೆ ಎಳೆದಂತಾಯ್ತು ನಮಗೆ. ನನ್ನ ದನಿ ಜಾರಿತು,
ಲಿಯಾಂಡರನ ತಿದಿ ಉಸಿರು ಹಿಡಿಯಿತು.
ಆಂಬ್ರೋಸ್ ಮಾತ್ರ, ಏನೂ ಅರಿಯದೆ, ಕುಟ್ಟುತ್ತಿದ್ದ.
ಅದು ಮರಳಿ ಬರುವವರೆಗೆ
ಆ ಹಳೇ ಬೂಟನ್ನು ಹಿಡಿದುಕೊಂಡೇ ನಡೆದೆವು.

ಮುಗಿದ ಮೇಲೆ ಸ್ಪೀಕರಿನ ಮೇಲೆ ಅಂಗೈಯಿಟ್ಟು
ಟೇಪನ್ನು ಕೊನೆಯವರೆಗೂ ಕೇಳಿದ.
ಸುತ್ತಿಗೆ ತಂದ. ಕೋಲಿನಲ್ಲಿ ಜಾಗವಿರಲಿಲ್ಲ;
ಕೆಳಗೆ, ಬೂಟಿನ ಅಂಚಿಗೆ, ಮೂವತ್ತೊಂದನೆಯದನ್ನು ಹೊಡೆದ.

ಬ್ರೈಡ್ ಬ್ರೆಡ್ಡು ಕೊಯ್ದಳು, ಬೆಣ್ಣೆ ತಂದಿಟ್ಟಳು.
ಆಂಬ್ರೋಸ್ ಚಾಕು ಊರಿದ. ಇಳಿಯಲಿಲ್ಲ.
ಪ್ರತಿವರ್ಷ ಈ ಹೊತ್ತಿಗೆ ಬೆಣ್ಣೆ ಮೆತ್ತಗಿರುತ್ತಿತ್ತು.
ಮೂಲೆಯತ್ತ ನೋಡಿದ.
ನಮ್ಮ ಮೂವರನ್ನೂ, ಒಬ್ಬೊಬ್ಬರನ್ನಾಗಿ, ನೋಡಿದ.
ಆಮೇಲೆ ಆ ಗಟ್ಟಿ ಬೆಣ್ಣೆಯನ್ನು
ಬ್ರೆಡ್ಡಿನ ಮೇಲಿಟ್ಟು, ಅಂಗೈಯಿಂದ ಮುಚ್ಚಿ,
ಕರಗಲೆಂದು ಕಾದು ಕೂತ.