ಇನ್ನೂರಿಪ್ಪತ್ತು ಪ್ರತಿ

ಲಿಗೋವ್ಕಾ ಬೀದಿಯ ನೆಲಮಾಳಿಗೆ. ಜನವರಿ.
ಶಾಯಿ ಕೂಡ ಹೆಪ್ಪುಗಟ್ಟುವ ಚಳಿ.
ಕಪಿತೋಲಿನಾ ಕಲ್ಲಿನ ಮೇಲೆ ಬಾಗಿದ್ದಾಳೆ
ಜಿಡ್ಡು ಬಳಪ ಹಿಡಿದು,
ಅಂಗೈ ತಾಗದ ಹಾಗೆ ಮಣಿಕಟ್ಟು ಎತ್ತಿ.
ಬೆರಳ ಬೆವರೂ ಅಚ್ಚಾಗಿಬಿಡುತ್ತದೆ ಇಲ್ಲಿ.

ಅಕ್ಷರಗಳೆಲ್ಲ ಹಿಂದುಮುಂದು.
ಕುದುರೆಗೆ ಐದು ಕಾಲು;
ಐದನೆಯದರ ಗೊರಸಿನಿಂದ ಒಂದು ಸಾಲು ಕವಿತೆ
ಹೊರಟು ಅಂಚಿನಾಚೆ ಬಿದ್ದಿದೆ.

"ಇದು ಯಾವ ಭಾಷೆ?" ಕೇಳಿದ ಪರ್ಫ್ಯೋನ್,
ನಲವತ್ತು ವರ್ಷ ಕಲ್ಲು ಉಜ್ಜಿದವನು, ಓದು ಬರದವನು.
"ಇನ್ನೂ ಹುಟ್ಟಿಲ್ಲ" ಅಂದಳು.
"ಸರಿ ಬಿಡು, ಪಾದ್ರಿಯೂ ನಾನೂ ಇದರ ಮುಂದೆ ಒಂದೇ"
ಅಂತ ನಕ್ಕು ಗೋಂದು ಹಚ್ಚಿದ, ಆಮ್ಲ ಸವರಿದ.

ಕಾಗದಕ್ಕೆ ಕಾಸಿಲ್ಲ.
ಗೋಡೆಗೆ ಅಂಟಿಸುವ ಹೂಕಾಗದದ ಬೆನ್ನಿಗೆ
ಇನ್ನೂರಿಪ್ಪತ್ತು ಪ್ರತಿ, ಎರಡೆರಡು ತಂತಿ ಪಿನ್ನು.
ಒಂದರ ಹಾಗೆ ಇನ್ನೊಂದಿಲ್ಲ:
ಇದರಲ್ಲಿ ಕುದುರೆ ಕುಂಟು,
ಅದರಲ್ಲಿ ಪರ್ಫ್ಯೋನನ ಹೆಬ್ಬೆಟ್ಟು.

ಕಲ್ಲಲ್ಲಿ ಬರೆದದ್ದು ಕಲ್ಪಾಂತದವರೆಗೆ ಅನ್ನುತ್ತಾರಲ್ಲ,
ಇದು ಉಳಿದದ್ದು ಗುರುವಾರದವರೆಗೆ.
ಶುಕ್ರವಾರ ಚಹಾ ಪೊಟ್ಟಣದ ಲೇಬಲ್ಲು ಹೊರಡಬೇಕು.
ಮರಳು, ನೀರು, ಕಲ್ಲ ಮೇಲೆ ಕಲ್ಲು—
ಕುದುರೆ ಬೂದು ಹಾಲಾಗಿ ಮೋರಿಗೆ ಹರಿಯಿತು.
ಪರ್ಫ್ಯೋನನ ಭುಜ ನೋಯುತ್ತಿತ್ತು,
ಆ ದಿನ ಕೊಂಚ ಕಡಿಮೆ ಉಜ್ಜಿದ.

ವ್ಯಾಟ್ಕಾದ ಯಾವುದೋ ಅಡುಗೆಮನೆಯಲ್ಲಿ
ಸಮೋವರ್ ಪಕ್ಕ ಪೊಟ್ಟಣ ಬಿಚ್ಚಿದ ಹುಡುಗಿ
ಲೇಬಲ್ಲಿನ ಆನೆಯ ಹಿಂದೆ ಮಸುಕಾಗಿ ನಿಂತದ್ದನ್ನು
ಕಿಟಕಿಯ ಬೆಳಕಿಗೆ ಹಿಡಿದು
ಕಾಲು ಎಣಿಸಿದಳು.
ಮತ್ತೊಮ್ಮೆ ಎಣಿಸಿದಳು.